ವಿಡಿಯೊ ಮೀಟಿಂಗ್ ಮುಗಿದ ಮೇಲೆ ತಲೆ ಭಾರವೇ? ದೋಷ ಹುಡುಕುವ ಕ್ರಮ

ಒಂದು ಗಂಟೆಯ ವಿಡಿಯೊ ಮೀಟಿಂಗ್ ಮುಗಿಸಿ ಏಳುವಾಗ ತಲೆ ಭಾರ, ಕಣ್ಣು ಉರಿ, ಮನೆಯವರ ಹತ್ತಿರವೂ ಮಾತು ಬೇಡ ಅನ್ನುವ ಸ್ಥಿತಿ. ಹೆಚ್ಚಿನವರು "ನನಗೆ ಅಭ್ಯಾಸ ಇಲ್ಲ", "ವಯಸ್ಸಾಯ್ತು" ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಅದು ತಪ್ಪು. ಈ ಸುಸ್ತಿಗೆ ಬಹಳಷ್ಟು ಸಲ ಹುಡುಕಿದರೆ ಸಿಗುವ ಕಾರಣವಿರುತ್ತದೆ: ದನಿಯಲ್ಲಿ, ವಿಳಂಬದಲ್ಲಿ, ಪರದೆಯ ಮೇಲೆ ಮುಖಗಳನ್ನು ಜೋಡಿಸಿದ ರೀತಿಯಲ್ಲಿ, ಬೆಳಕಿನಲ್ಲಿ, ಇಲ್ಲವೇ ವೇಳಾಪಟ್ಟಿಯಲ್ಲಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಿಂದಲೇ ಕೆಲಸ ಮಾಡುವವರು, ಸಂಘದ ಸಭೆಯನ್ನೋ ಪಾಠವನ್ನೋ ವಿಡಿಯೊದಲ್ಲಿ ನಡೆಸುವವರು, ಇಂಥ ತಂತ್ರಾಂಶದ ಪರದೆಗಳನ್ನು ವಿನ್ಯಾಸ ಮಾಡುವವರು ಎಲ್ಲರಿಗೂ ಪರೀಕ್ಷೆ ಒಂದೇ. ಮೊದಲು ದನಿ, ಆಮೇಲೆ ವಿಳಂಬ ಎಂದು ಮೇಲಿನ ಪಟ್ಟಿಯಲ್ಲಿರುವ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ಸುಸ್ತು ಅಂದ ಕೂಡಲೇ ಹೊಸ ಕ್ಯಾಮೆರಾ ಕೊಳ್ಳುವವರಿದ್ದಾರೆ. ದೋಷ ಇರುವುದು ಬಹುಪಾಲು ದನಿಯಲ್ಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೀಟಿಂಗ್‌ಗೆ ಮುಂಚೆ ಮತ್ತು ನಂತರ ಸುಸ್ತಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು ಬರೆದಿಡಿ. ಎರಡು ಮೂರು ಮೀಟಿಂಗ್ ಆದರೂ ಅಂಕ ಇಳಿಯದಿದ್ದರೆ ಮುಂದಿನ ಭಾಗಕ್ಕೆ ಹೋಗಿ.

"ಹತ್ತು ನಿಮಿಷಕ್ಕೇ ಹಣೆ ಬಿಗಿಯುತ್ತೆ, ಮಾತು ಅರ್ಥವಾಗಲು ಕಷ್ಟಪಡಬೇಕು"

ದನಿ ಸ್ಪಷ್ಟವಿಲ್ಲದಿದ್ದರೆ ತಪ್ಪಿಹೋದ ಅಕ್ಷರಗಳನ್ನು ಮನಸ್ಸು ಊಹಿಸಿ ತುಂಬುತ್ತಲೇ ಇರಬೇಕು. ಅದೇ ದೊಡ್ಡ ಕೆಲಸ. ಚಿತ್ರ ಮಸುಕಾದರೆ ಕಣ್ಣು ಹೊಂದಿಕೊಳ್ಳುತ್ತದೆ, ದನಿ ಹರಿದರೆ ಮನಸ್ಸಿಗೆ ಬಿಡುವೇ ಸಿಗುವುದಿಲ್ಲ.

ಮೊದಲು ಮೈಕ್ ಎಷ್ಟು ದೂರ ಇದೆ ನೋಡಿ. ಲ್ಯಾಪ್‌ಟಾಪ್‌ನ ಮೈಕ್ ಬಾಯಿಂದ ಸುಮಾರು 60 ಸೆಂ.ಮೀ. ದೂರ. ದೂರ ಅರ್ಧವಾದಾಗಲೆಲ್ಲ ದನಿ 6 ಡೆಸಿಬೆಲ್ ಏರುತ್ತದೆ, 15 ಸೆಂ.ಮೀ.ಗೆ ತಂದರೆ 12 ಡೆಸಿಬೆಲ್. ಹಿನ್ನೆಲೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ತಗಡಿನ ಶೀಟಿನ ಮೇಲೆ ಜುಲೈ ಮಳೆ ಬೀಳುವಾಗ ಈ 12 ಡೆಸಿಬೆಲ್ಲೇ ಮಾತನ್ನು ಉಳಿಸುವುದು. ಮೊಬೈಲ್ ಜೊತೆ ಬರುತ್ತಿದ್ದ ಸಾದಾ ವೈರಿನ ಇಯರ್‌ಫೋನ್ ಸಾಕು, ಅದರ ಮೈಕ್ ಅಂಗಿಗೆ ಉಜ್ಜದಂತೆ ನೋಡಿಕೊಳ್ಳಿ.

ಬ್ಲೂಟೂತ್ ಇಯರ್‌ಬಡ್ ಹಾಕಿದಾಗ ಹಾಡು ಚೆನ್ನಾಗಿ ಕೇಳಿ, ಮೀಟಿಂಗ್ ಶುರುವಾದ ಕೂಡಲೇ ದನಿ ಡಬ್ಬಿಯೊಳಗಿಂದ ಬಂದಂತೆ ಆದರೆ ಅದು ಕೆಟ್ಟಿಲ್ಲ. ಅದರ ಮೈಕ್ ತೆರೆದುಕೊಂಡಾಗ ಬ್ಲೂಟೂತ್ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಜಾಗಕ್ಕೆ ಇಯರ್‌ಬಡ್, ಮೈಕ್ ಜಾಗಕ್ಕೆ ಲ್ಯಾಪ್‌ಟಾಪ್‌ನದ್ದು ಆರಿಸಿದರೆ ಸಾಮಾನ್ಯವಾಗಿ ಕೇಳುವ ದನಿ ಮತ್ತೆ ತಿಳಿಯಾಗುತ್ತದೆ.

ನಿಮ್ಮದೇ ಮಾತು ನಿಮಗೆ ವಾಪಸ್ ಕೇಳಿಸುತ್ತಿದೆಯೇ? ದೋಷ ನಿಮ್ಮಲ್ಲಿಲ್ಲ, ಎದುರಿನ ಯಾರದೋ ಸ್ಪೀಕರ್‌ನಿಂದ ಬಂದ ದನಿ ಅವರ ಮೈಕ್‌ಗೆ ಹೋಗುತ್ತಿದೆ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡುತ್ತ ಹೋದರೆ ಯಾರ ಕಡೆಯದು ಎಂದು ಒಂದು ನಿಮಿಷದಲ್ಲಿ ಸಿಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಮೊಬೈಲ್‌ನಿಂದ ಸೇರಿಕೊಂಡಿರುವುದು ಇದರ ಮಾಮೂಲಿ ಕಾರಣ.

ಮಾತಾಡುವವರು ಕೇಳುತ್ತಿಲ್ಲವೆಂದು ಇಯರ್‌ಫೋನ್ ದನಿಯನ್ನು ಪೂರ್ತಿ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅಳೆಯುವ ಸಾಧನ ಇಲ್ಲದಿದ್ದರೆ ಶೇ. 60ರ ಗುರುತು ದಾಟದಿರುವುದು ಸುಲಭದ ಅಳತೆ. ಮೀಟಿಂಗ್ ಮುಗಿದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಆ ದಿನ ಇಯರ್‌ಫೋನ್ ಮುಟ್ಟಬೇಡಿ. ಮರುದಿನವೂ ಹಾಗೇ ಇದ್ದರೆ ಕಿವಿ ವೈದ್ಯರಿಗೆ ತೋರಿಸಿ.

"ಇಬ್ಬರೂ ಒಟ್ಟಿಗೆ ಮಾತಾಡ್ತೀವಿ, ಆಮೇಲೆ ಇಬ್ಬರೂ ಸುಮ್ಮನಾಗ್ತೀವಿ"

"ನೀವು ಹೇಳಿ." "ಇಲ್ಲ ಇಲ್ಲ, ನೀವೇ ಹೇಳಿ." ಮತ್ತೆ ಮೌನ. ಮತ್ತೆ ಇಬ್ಬರ ದನಿಯೂ ಒಟ್ಟಿಗೆ. ಇದು ವಿಳಂಬದ ಗುರುತು. ಎದುರುಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಜಾಲದಲ್ಲಿ ದನಿ ಹೋಗಲು ಅಷ್ಟೇ ಹೊತ್ತು, ಉತ್ತರ ಬರಲು ಇನ್ನಷ್ಟು ಹೊತ್ತು ಹಿಡಿದರೆ ಸರದಿಯೇ ತಪ್ಪುತ್ತದೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ, 400 ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ.

ಇದರಿಂದ ಬರೀ ಸುಸ್ತಲ್ಲ, ಮನಸ್ತಾಪವೂ ಹುಟ್ಟುತ್ತದೆ. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಳಂಬ ಇದ್ದಾಗ ಜನ ಜಾಲವನ್ನು ದೂರುವ ಬದಲು ಎದುರಿನ ವ್ಯಕ್ತಿಗೇ ಗಮನ ಇಲ್ಲ ಅಂದುಕೊಂಡರು. ಸಂಘದ ಸಭೆಯಲ್ಲಿ "ಅಧ್ಯಕ್ಷರು ಉತ್ತರ ಕೊಡೋಕೆ ಹಿಂದೆಮುಂದೆ ನೋಡ್ತಾರೆ" ಅನ್ನಿಸಿದರೆ, ಅದು ಬರೀ ಅರ್ಧ ಸೆಕೆಂಡಿನ ವಿಳಂಬ ಇರಬಹುದು.

ಪರೀಕ್ಷೆ ಹೀಗೆ. ಜೂಮ್‌ನ ಸೆಟ್ಟಿಂಗ್‌ನಲ್ಲಿ ಅಂಕಿ ಅಂಶಗಳ ಪುಟ, ಟೀಮ್ಸ್‌ನಲ್ಲಿ ಕರೆಯ ಆರೋಗ್ಯ ತೋರಿಸುವ ಪುಟ ಇವೆ. ಅಲ್ಲಿ ವಿಳಂಬ, ಅದರ ಏರಿಳಿತ, ಕಳೆದುಹೋದ ಪ್ಯಾಕೆಟ್ (ಜಾಲದಲ್ಲಿ ದನಿ, ಚಿತ್ರ ಸಾಗುವ ಸಣ್ಣ ತುಣುಕು) ಮೂರೂ ಸಿಗುತ್ತವೆ. ಏರಿಳಿತ 30–40 ಮಿಲಿಸೆಕೆಂಡ್ ಮೀರಿದರೆ, ಪ್ಯಾಕೆಟ್ ನಷ್ಟ ಶೇ. 1 ದಾಟಿದರೆ ದನಿ ಹರಿಯಲು ಶುರು. ದೋಷ ಮನೆಯೊಳಗೋ ಹೊರಗೋ ಎಂದು ತಿಳಿಯಲು ಕಂಪ್ಯೂಟರಿನಿಂದ ರೌಟರ್‌ಗೆ ಪಿಂಗ್ ಕೊಡಿ, ಅಂದರೆ ಕಮಾಂಡ್ ವಿಂಡೋದಲ್ಲಿ ping ಎಂದು ಬರೆದು ಮುಂದೆ ವಿಳಾಸ ಹಾಕಿ; ಉತ್ತರ ಬರಲು ಹಿಡಿದ ಹೊತ್ತನ್ನು ಅದು ಮಿಲಿಸೆಕೆಂಡ್‌ನಲ್ಲಿ ತೋರಿಸುತ್ತದೆ. ರೌಟರ್ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಆಮೇಲೆ ಹೊರಗಿನ 8.8.8.8ಕ್ಕೆ (ಇದು ಗೂಗಲ್‌ನ ವಿಳಾಸ) ಕೊಡಿ. ರೌಟರ್‌ವರೆಗಿನ ಉತ್ತರವೇ 3, 80, 5, 200 ಎಂದು ಕುಣಿದರೆ ದೋಷ ಮನೆಯ ವೈಫೈಯಲ್ಲಿ. ಅದು 2–5ರಲ್ಲಿ ನಿಂತು ಹೊರಗಿನದು ಮಾತ್ರ ಕುಣಿದರೆ ದೋಷ ಲೈನಿನಲ್ಲಿ, ಇಲ್ಲವೇ ಲೈನ್ ತುಂಬಿಹೋಗಿದೆ.

ವೈಫೈ ದೋಷ ಮಲೆನಾಡಿನ ಹಳೇ ಮನೆಗಳಲ್ಲಿ ಸಹಜ. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಯನ್ನು, ಅದೂ ಮಳೆಗಾಲದಲ್ಲಿ ನೀರು ಕುಡಿದ ಗೋಡೆಯನ್ನು, 5 ಗಿಗಾಹರ್ಟ್ಸ್ ಅಲೆ ದಾಟುವುದು ಕಷ್ಟ. ಗೋಡೆಯಾಚೆಯ ಕೋಣೆಯಾದರೆ 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಇಲ್ಲವೇ ರೌಟರ್ ಇರುವ ಜಗಲಿಗೇ ಬಂದು ಕೂತು ನೋಡಿ. ಅಲ್ಲಿ ಸರಿಹೋದರೆ ಕಾಯಂ ಪರಿಹಾರ ಒಂದು ನೆಟ್‌ವರ್ಕ್ ಕೇಬಲ್. ಅಟ್ಟದ ಮೇಲಿಂದ 20 ಮೀಟರ್ ಎಳೆಯುವುದು ದುಬಾರಿ ರೌಟರ್ ಕೊಳ್ಳುವುದಕ್ಕಿಂತ ಅಗ್ಗ.

ಲೈನ್ ತುಂಬುವುದಕ್ಕೆ ಕಾರಣ ಮನೆಯ ಇನ್ನೊಂದು ಮೊಬೈಲ್ ಮದುವೆ ಮನೆಯ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿರುವುದಾಗಿರಬಹುದು. ಅದನ್ನು ರಾತ್ರಿಗೆ ಇಡಿ. ಆಗಲೂ ಆಗದಿದ್ದರೆ ನಿಮ್ಮ ವಿಡಿಯೊ ನಿಲ್ಲಿಸಿ. ಇಬ್ಬರ ನಡುವಿನ ಒಳ್ಳೆಯ ವಿಡಿಯೊಗೆ ಜೂಮ್ ಕೇಳುವುದು 600 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ವೇಗ, ದನಿಗೆ ಬೇಕಾದದ್ದು 60–80 ಮಾತ್ರ.

ಪ್ರತಿ ಸಲ ಕರೆಂಟು ಹೋದಾಗ ಮೀಟಿಂಗ್ ಕಡಿಯುತ್ತಿದ್ದರೆ ಇನ್ವರ್ಟರ್‌ನ ಮೇಲಿನ ಸ್ವಿಚ್ ನೋಡಿ. ಮಾಮೂಲಿ ಮೋಡ್‌ನಲ್ಲಿ ಬದಲಾಗುವ ಹೊತ್ತು ಹೆಚ್ಚು, ಅಷ್ಟರಲ್ಲಿ ರೌಟರ್ ಆರಿ ಮತ್ತೆ ಹತ್ತಲು ಒಂದೆರಡು ನಿಮಿಷ. ಯುಪಿಎಸ್ ಮೋಡ್‌ಗೆ ಹಾಕಿದರೆ ಸಾಕಾಗುತ್ತದೆ, ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೂ ಬ್ಯಾಟರಿಗೆ ಹೋಗುತ್ತದೆ. ಸಂಜೆ ಪಂಪ್‌ಸೆಟ್ ಓಡುವ ಊರಲ್ಲಿ ಬ್ಯಾಟರಿ ಬೇಗ ಬರಿದಾಗಬಹುದು. ರೌಟರ್‌ಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇಲ್ಲಿ ಮೇಲು. ಕೊಳ್ಳುವ ಮುಂಚೆ ರೌಟರ್ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ಓದಿಕೊಳ್ಳಿ.

ಫೈಬರ್ ಪೆಟ್ಟಿಗೆಯಲ್ಲಿ ಲಾಸ್ (LOS) ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ: ಕೊಂಬೆ ಬಿದ್ದಿರಬಹುದು, ಮಂಗ ಎಳೆದಿರಬಹುದು, ತೋಟದಲ್ಲಿ ಕೇಬಲ್ ಮುರಿದು ಬಾಗಿರಬಹುದು. ಇಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ, ಲೈನ್‌ಮನ್‌ಗೆ ಹೇಳಿ. ತುಂಡಾದ ಫೈಬರ್‌ನ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಅಪಾಯ. ವಿದ್ಯುತ್ ಕಂಬದ ಮೇಲಿನ ಕೇಬಲನ್ನು ದೋಟಿಯಿಂದ ಸರಿಪಡಿಸುವ ಪ್ರಯತ್ನವಂತೂ ಬೇಡವೇ ಬೇಡ.

ಸಿಡಿಲಿನ ಎಚ್ಚರಿಕೆ: ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗುಡುಗಿನಲ್ಲಿ, ಮುಂಗಾರಿನ ಮೊದಲ ವಾರಗಳಲ್ಲಿ, ಗುಡುಗು ಕೇಳಿದ ಕೂಡಲೇ ಮೀಟಿಂಗ್ ಬಿಡಿ. ಚಾರ್ಜರ್, ರೌಟರ್ ಅಡಾಪ್ಟರ್, ನೆಟ್‌ವರ್ಕ್ ಕೇಬಲ್ ಮೂರನ್ನೂ ಕಿತ್ತಿಡಿ. ಚಾರ್ಜಿಗೆ ಹಾಕಿದ ಸಾಧನಕ್ಕೆ ವೈರಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವುದು ಆಗ ಜೀವಕ್ಕೇ ಅಪಾಯ. ಗುಡುಗು ನಿಂತು 30 ನಿಮಿಷ ಕಳೆಯಲಿ.

ತಂತ್ರಾಂಶ ಮಾಡುವವರ ಕೆಲಸ ಇಲ್ಲಿ ದೊಡ್ಡದು. "ನಿಮ್ಮ ಸಂಪರ್ಕ ಅಸ್ಥಿರವಾಗಿದೆ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ನಿಮ್ಮ ದನಿ ಎದುರಿನವರಿಗೆ ತಡವಾಗಿ ತಲುಪುತ್ತಿದೆ, ಸ್ವಲ್ಪ ನಿಧಾನಿಸಿ" ಎಂದು ತೋರಿಸಿ, ಅದೇ ಮಾತನ್ನು ಎದುರಿನವರ ಪರದೆಯಲ್ಲೂ ತೋರಿಸಿ. ಜಾಲ ಸೋತಾಗ ಮೊದಲು ಚಿತ್ರವನ್ನು ಬಿಡಬೇಕು, ದನಿಯನ್ನು ಕೊನೆಯವರೆಗೂ ಹಿಡಿದಿಡಬೇಕು.

"ಎದುರಿನವರಿಗಿಂತ ನನ್ನ ಮುಖವನ್ನೇ ಹೆಚ್ಚು ನೋಡ್ತೀನಿ"

ಕನ್ನಡಿ ಹಿಡಿದುಕೊಂಡು ಇಡೀ ದಿನ ಓಡಾಡಿದಂತೆ ಇದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಪಟ್ಟಿ ಮಾಡಿದ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಉಳಿದವು ತೀರಾ ಹತ್ತಿರದ ನೋಟ, ಕದಲದೆ ಕೂರುವುದು, ತಲೆಯಾಡಿಸುವಂಥ ಸನ್ನೆಗಳನ್ನೂ ಬೇಕೆಂದೇ ಮಾಡಬೇಕಾದ ಶ್ರಮ. ಅದೇ ವರ್ಷ ಅಲ್ಲಿಯ ತಂಡ 10,322 ಜನರನ್ನು ಕೇಳಿದಾಗ, ಮೀಟಿಂಗ್ ನಂತರ ವಿಪರೀತ ಸುಸ್ತು ಎಂದವರು ಮಹಿಳೆಯರಲ್ಲಿ ಏಳಕ್ಕೆ ಒಬ್ಬರು, ಪುರುಷರಲ್ಲಿ ಇಪ್ಪತ್ತಕ್ಕೆ ಒಬ್ಬರು. ತನ್ನ ಮುಖ ಸದಾ ಕಾಣುವುದು ಈ ಅಂತರಕ್ಕೆ ಮುಖ್ಯ ಕಾರಣ ಎಂದು ಅವರು ಕಂಡುಕೊಂಡರು.

ಖರ್ಚಿಲ್ಲದ ಪರಿಹಾರ: ನಿಮ್ಮ ಚೌಕದ ಮೇಲಿನ ಮೂರು ಚುಕ್ಕಿ ಒತ್ತಿ, ನಿಮ್ಮ ನೋಟವನ್ನು ನಿಮಗೆ ಮಾತ್ರ ಮರೆಮಾಡುವ ಆಯ್ಕೆ ಆರಿಸಿ. ಎದುರಿನವರಿಗೆ ನೀವು ಕಾಣುತ್ತಲೇ ಇರುತ್ತೀರಿ. ಆ ಆಯ್ಕೆ ಸಿಗದಿದ್ದರೆ ಒಂದು ತುಂಡು ಅಂಟುಕಾಗದವನ್ನು ಪರದೆಯ ಆ ಮೂಲೆಗೆ ಹಚ್ಚಿ, ಅಷ್ಟೇ ಕೆಲಸ ಮಾಡುತ್ತದೆ. ಈ ಒಂದು ಬದಲಾವಣೆಯಿಂದಲೇ ಅಂಕ ಎರಡು ಮೂರು ಇಳಿದರೆ ದೋಷ ಸಿಕ್ಕಂತೆ.

ವಿನ್ಯಾಸ ಮಾಡುವವರಿಗೆ ನಮ್ಮ ಸಲಹೆ ಹೀಗಿದೆ. ಸೇರುವಾಗ ಹತ್ತು ಸೆಕೆಂಡ್ ದೊಡ್ಡದಾಗಿ ಸ್ವಂತ ಮುಖ ತೋರಿಸಿ, ಕೂತ ಜಾಗ, ಬೆಳಕು ಸರಿ ಮಾಡಿಕೊಳ್ಳಲಿ. ಆಮೇಲೆ ತಾನಾಗಿ ಮರೆಯಾಗಲಿ. ಮುಖ ಚೌಕಟ್ಟಿನಿಂದ ಹೊರಗೆ ಹೋದರೆ ಮಾತ್ರ ಸಣ್ಣ ಸೂಚನೆ ಬರಲಿ. ಈಗ ಇರುವಂತೆ ಮರೆಮಾಡುವುದನ್ನು ಹುಡುಕಿ ತೆಗೆಯಬೇಕಾದ ಆಯ್ಕೆಯಾಗಿ ಇಡುವುದು ಸರಿಯಲ್ಲ, ಏಕೆಂದರೆ ಅದು ಹೆಚ್ಚು ಬೇಕಾದವರೇ ಸೆಟ್ಟಿಂಗ್ ಪುಟಕ್ಕೆ ಹೋಗದವರು.

"ಎಲ್ಲರೂ ನನ್ನನ್ನೇ ದಿಟ್ಟಿಸಿ ನೋಡಿದ ಹಾಗೆ"

ಒಂದು ಸ್ಕೇಲ್ ತೆಗೆದುಕೊಂಡು ಪರದೆಯ ಮೇಲಿನ ಮುಖವನ್ನು ಗಲ್ಲದಿಂದ ನೆತ್ತಿಯವರೆಗೆ ಅಳೆಯಿರಿ. ನಿಜವಾದ ಮುಖ ಸುಮಾರು 22 ಸೆಂ.ಮೀ. ನಿಮ್ಮ ಕಣ್ಣಿಗೂ ಪರದೆಗೂ 60 ಸೆಂ.ಮೀ. ಅಂತರವಿದ್ದು ಪರದೆಯ ಮುಖ 15 ಸೆಂ.ಮೀ. ಇದ್ದರೆ, ಆ ಮನುಷ್ಯ 90 ಸೆಂ.ಮೀ.ಗಿಂತ ಹತ್ತಿರ ಬಂದು ಕೂತಂತೆ. 5 ಸೆಂ.ಮೀ. ಇದ್ದರೆ ಎರಡೂವರೆ ಮೀಟರ್ ಆಚೆ: ಜಗಲಿಯ ಈ ತುದಿಯಲ್ಲಿ ನೀವು, ಆ ತುದಿಯಲ್ಲಿ ನೆಂಟರು. ಕವಳ ಹಾಕುತ್ತ ಗಂಟೆಗಟ್ಟಲೆ ಮಾತಾಡಿದರೂ ಸುಸ್ತಾಗದ ದೂರ ಅದು. ವಿಂಡೋವನ್ನು ಪೂರ್ತಿ ಪರದೆಯಿಂದ ಇಳಿಸಿ, ಮುಖ 5–6 ಸೆಂ.ಮೀ.ಗೆ ಬರುವಷ್ಟು ಚಿಕ್ಕದು ಮಾಡಿ.

ಇಪ್ಪತ್ತೈದು ಮುಖಗಳ ಚೌಕವೂ ಇದೇ ದೋಷದ ಇನ್ನೊಂದು ಮುಖ. ಮಾತಾಡುವವರು ಮಾತ್ರ ದೊಡ್ಡದಾಗಿ ಕಾಣುವ ನೋಟಕ್ಕೆ ಬದಲಾಯಿಸಿ. ಅದರಲ್ಲಿ ಯಾರೋ ಕೆಮ್ಮಿದರೆ, ನಾಯಿ ಬೊಗಳಿದರೆ ಚಿತ್ರ ಅತ್ತ ಹಾರುತ್ತಿದ್ದರೆ ಮುಖ್ಯ ಮಾತುಗಾರರನ್ನು ಪಿನ್ ಮಾಡಿ, ಅಂದರೆ ಅವರ ಚಿತ್ರವೇ ನಿಲ್ಲುವಂತೆ ಮಾಡಿ. ಪರದೆ ವಿನ್ಯಾಸ ಮಾಡುವವರು ಕನಿಷ್ಠ ಎರಡು ಸೆಕೆಂಡ್ ಸತತ ಮಾತು ಕೇಳಿದ ಮೇಲೇ ಚಿತ್ರ ಬದಲಿಸಬೇಕು. ಹೊಸಬರು ಸೇರಿದಾಗ ಹಳಬರ ಜಾಗ ಕದಲಬಾರದು. ಊಟದ ಪಂಕ್ತಿಯಲ್ಲಿ ಒಬ್ಬರು ಬಂದು ಕೂತರೆಂದು ಎಲ್ಲರನ್ನೂ ಎಬ್ಬಿಸಿ ಬೇರೆ ಕೂರಿಸುವುದಿಲ್ಲವಲ್ಲ.

"ಶ್ರುತಿ ಕೇಳಲ್ಲ, ಎಲೆ ಕಾಣಲ್ಲ"

ಗಮಕಕ್ಕೆ (ಕಾವ್ಯವನ್ನು ರಾಗದಲ್ಲಿ ವಾಚಿಸುವ ಕಲೆಗೆ) ಹೆಸರಾದ ಹೊಸಹಳ್ಳಿಯಂಥ ಊರಿರುವ ಜಿಲ್ಲೆ ನಮ್ಮ ಶಿವಮೊಗ್ಗ. ಗಮಕವನ್ನೋ ಸಂಗೀತವನ್ನೋ ವಿಡಿಯೊದಲ್ಲಿ ಕಲಿಸುವವರಿಗೆ ಈ ತೊಂದರೆ ಖಂಡಿತ ಬರುತ್ತದೆ. ಶ್ರುತಿಪೆಟ್ಟಿಗೆಯ ನಾದ ಒಂದೇ ಸಮ ಇರುವುದರಿಂದ ತಂತ್ರಾಂಶದಲ್ಲಿ ಹಿನ್ನೆಲೆ ಸದ್ದು ಕಳೆಯುವ ವ್ಯವಸ್ಥೆ ಅದನ್ನು ಫ್ಯಾನ್ ಸದ್ದೆಂದು ತಿಳಿದು ಅಳಿಸುತ್ತದೆ. ಎಳೆದು ಹಾಡಿದ ಸ್ವರವೂ ಕ್ರಮೇಣ ಕರಗುತ್ತದೆ. ಶಿಷ್ಯರ ಸ್ವರ ಕೇಳಲು ಗುರುಗಳು ಕಿವಿಗೊಟ್ಟು ಕಿವಿಗೊಟ್ಟು ದಣಿಯುತ್ತಾರೆ. ಜೂಮ್‌ನಲ್ಲಿ ಸಂಗೀತಗಾರರಿಗೆಂದು ಇರುವ ಮೂಲ ದನಿಯ ಆಯ್ಕೆಯನ್ನು ಎರಡೂ ಕಡೆ ಚಾಲೂ ಮಾಡಿ. ಆಗ ಪ್ರತಿಧ್ವನಿ ತಡೆಯೂ ಸಡಿಲವಾಗಬಹುದು, ಆದ್ದರಿಂದ ಇಬ್ಬರಿಗೂ ಇಯರ್‌ಫೋನ್ ಬೇಕೇ ಬೇಕು. ಜೊತೆಯಾಗಿ ಹಾಡುವ ಪ್ರಯತ್ನ ಬಿಡಿ: ಕೂಡಿ ಹಾಡಲು ವಿಳಂಬ 25–30 ಮಿಲಿಸೆಕೆಂಡ್ ಒಳಗಿರಬೇಕು, ಮನೆಯ ಜಾಲದಲ್ಲಿ ಅದು ದಕ್ಕದು. ಶಿಷ್ಯರ ಕಡೆ ಶ್ರುತಿ ಅವರಲ್ಲೇ ಹಚ್ಚಿಕೊಳ್ಳಲಿ, ಪಾಠ ಹೇಳಿ ಹೇಳಿಸಿಕೊಳ್ಳುವ ಕ್ರಮದಲ್ಲಿ ನಡೆಯಲಿ.

ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ತಜ್ಞರ ಜೊತೆಗಿನ ಮೀಟಿಂಗ್‌ನಲ್ಲಿ ಬೆಳೆಗಾರರು ಎಲೆ ಎತ್ತಿ ಹಿಡಿಯುತ್ತಾರೆ. ಎಲೆಯ ಅಂಚು ಇದ್ದಕ್ಕಿದ್ದಂತೆ ಮಾಯ, ಕಂದು ಚುಕ್ಕೆಯ ಸುತ್ತಿನ ಹಳದಿ ಉಂಗುರ ಕಲಸಿಹೋದ ಬಣ್ಣ. ಹಿನ್ನೆಲೆ ಮಸುಕು ಮಾಡುವ ಆಯ್ಕೆ ಚಾಲೂ ಇದೆ, ಮನುಷ್ಯನ ಆಕಾರವಲ್ಲದ್ದನ್ನೆಲ್ಲ ಅದು ಹಿನ್ನೆಲೆ ಎಂದೇ ಎಣಿಸುತ್ತದೆ. ಅದನ್ನು ತೆಗೆಯಿರಿ, ಮೊಬೈಲ್‌ನ ಹಿಂಬದಿ ಕ್ಯಾಮೆರಾಗೆ ಬದಲಾಯಿಸಿ, ಎಲೆಯನ್ನು 20–30 ಸೆಂ.ಮೀ. ದೂರದಲ್ಲಿ ನೆರಳಲ್ಲಿ ಮೂರು ಸೆಕೆಂಡ್ ಅಲುಗದೆ ಹಿಡಿಯಿರಿ. ಇದಕ್ಕಿಂತಲೂ ಒಳ್ಳೆಯದು ಫೋಟೊ ತೆಗೆದು ಕಳಿಸುವುದು.

"ಕಣ್ಣು ಉರಿ, ಕುತ್ತಿಗೆ ಸೆಟೆದುಕೊಂಡಿದೆ"

ಹಂಚಿನ ಮನೆಯ ಒಳಕೋಣೆ ಹಗಲಲ್ಲೂ ಮಬ್ಬು. ಮಬ್ಬಿನಲ್ಲಿ ಉರಿಯುವ ಪರದೆ ನೋಡುವುದು, ಬೆನ್ನ ಹಿಂದೆ ಅಂಗಳದ ಬೆಳಕಿಟ್ಟುಕೊಂಡು ಕೂರುವುದು ಎರಡೂ ತಪ್ಪು. ಎರಡನೆಯದರಲ್ಲಿ ನಿಮ್ಮ ಮುಖ ಕಪ್ಪಾಗುತ್ತದೆ, ಎದುರಿನವರು ಭಾವ ಓದಲು ತಿಣುಕುತ್ತಾರೆ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಚಿತ್ರದ ವೇಗವನ್ನು ಸೆಕೆಂಡಿಗೆ 30ರಿಂದ 15ಕ್ಕೆ ಇಳಿಸುವುದುಂಟು; ಚಿತ್ರದಲ್ಲಿ ಮರಳಿನಂಥ ಕಾಳು ಏಳುತ್ತದೆ, ಆ ಕಾಳೇ ಜಾಲದ ಭಾರವನ್ನೂ ಹೆಚ್ಚಿಸುತ್ತದೆ. ಕಿಟಕಿಗೆ ಮುಖಮಾಡಿ ಕೂರಿ. ಮಳೆಗಾಲದ ಮೋಡದ ದಿನಗಳಿಗೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬನ್ನು ಎದುರಿನ ಬಿಳಿ ಗೋಡೆಗೆ ತಿರುಗಿಸಿದರೆ ಸಾಕು.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ತುಸು ಕೆಳಗೆ. ಲ್ಯಾಪ್‌ಟಾಪ್ ಕೆಳಗೆ ಮೂರು ದಪ್ಪ ಪುಸ್ತಕ ಇಡಿ. ಪ್ರತಿ 20 ನಿಮಿಷಕ್ಕೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ, ಕಿಟಕಿಯಾಚೆ ತೋಟ ಇದ್ದವರಿಗೆ ಇದು ಕಷ್ಟವಲ್ಲ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗುತ್ತದೆ, ಉರಿಗೆ ಅದೇ ಮೊದಲ ಕಾರಣ.

"ಎಲ್ಲಿ ಒತ್ತಬೇಕು ಅಂತಲೇ ತಿಳಿಯಲ್ಲ"

ಸಭೆ ನಡೆಸುವವರಿಗೂ ವಿನ್ಯಾಸಕರಿಗೂ ಸೇರಿದ ಲಕ್ಷಣ ಇದು. ಗುಂಡಿಯ ಮೇಲೆ "ಮ್ಯೂಟ್" ಎಂದಿದ್ದರೆ, ಈಗ ಮ್ಯೂಟ್ ಆಗಿದೆ ಎಂದೋ, ಒತ್ತಿದರೆ ಆಗುತ್ತದೆ ಎಂದೋ? ಪ್ರತಿ ಸಲ ಈ ಪ್ರಶ್ನೆ ಎದ್ದರೆ ಜನ ಮಾತಿಗಿಂತ ಗುಂಡಿಯ ಮೇಲೇ ಗಮನ ಇಡುತ್ತಾರೆ. ಸ್ಥಿತಿಯನ್ನು ವಾಕ್ಯದಲ್ಲಿ ಹೇಳಿ: "ನಿಮ್ಮ ದನಿ ಹೋಗುತ್ತಿಲ್ಲ." ಕೆಂಪು–ಹಸಿರಿನ ವ್ಯತ್ಯಾಸವೊಂದನ್ನೇ ನಂಬಬೇಡಿ, ಅದು ಕಾಣದವರಿದ್ದಾರೆ. ಗುಂಡಿ ಸುಮಾರು 9 ಮಿ.ಮೀ.ಗಿಂತ ಚಿಕ್ಕದಾಗಬಾರದು, ಮೀಟಿಂಗ್ ನಡುವೆ ಜಾಗ ಬದಲಿಸಬಾರದು.

ಕನ್ನಡಕ್ಕೆಂದೇ ಒಂದು ಮಾತು. ಇಂಗ್ಲಿಷ್ ಅಳತೆಯ ಸಾಲಿನಲ್ಲಿ ಕನ್ನಡ ಕೂರಿಸಿದರೆ ಒತ್ತಕ್ಷರದ ಬುಡ ಕತ್ತರಿಸುತ್ತದೆ. "ಸ್ತ್ರೀ", "ರಾಷ್ಟ್ರ" ಬರೆದು ನೋಡಿ, ಗುಂಡಿಯಲ್ಲಿ ಅರ್ಧ ಅಕ್ಷರ ಕಂಡರೆ ದೋಷ ಸಾಬೀತು. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. ತೆರೆಬರಹ (ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುವುದು) ಒಂದೊಂದೇ ಪದವಾಗಿ ಮೂಡಿ, ಅಳಿಸಿ, ಮತ್ತೆ ಮೂಡುವುದು ಕಣ್ಣಿಗೆ ಹಿಂಸೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನುಡಿಗಟ್ಟು ಪೂರ್ತಿಯಾದ ಮೇಲೇ ತೋರಿಸಬೇಕು. "ಹೋಗ್ತೀನಿ" ಎಂದು ಮೂಡಿದ್ದು "ಹೋಗ್ತೀನಿ ಅಂತ ಹೇಳಿಲ್ಲ" ಎಂದು ತಿರುಗಿದರೆ ಓದುಗ ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಗುತ್ತದೆ.

"ಎಲ್ಲ ಸರಿ ಇದೆ, ಆದರೂ ಸುಸ್ತು"

ಹಾಗಾದರೆ ವೇಳಾಪಟ್ಟಿ ನೋಡಿ. ಮೈಕ್ರೋಸಾಫ್ಟ್ 2021ರಲ್ಲಿ 14 ಜನರ ಮೆದುಳಿನ ಅಲೆ ಅಳೆದಾಗ, ಬಿಡುವಿಲ್ಲದೆ ನಾಲ್ಕು ಅರ್ಧಗಂಟೆಯ ಮೀಟಿಂಗ್ ಕೂತವರಲ್ಲಿ ಒತ್ತಡದ ಗುರುತು ಏರುತ್ತಲೇ ಹೋಯಿತು. ನಡುವೆ ಹತ್ತು ನಿಮಿಷ ಬಿಟ್ಟವರಲ್ಲಿ ಏರಲಿಲ್ಲ. ಚಿಕ್ಕ ಗುಂಪಿನ ಅಧ್ಯಯನ, ಆದರೆ ಪ್ರಯೋಗಿಸಲು ಖರ್ಚಿಲ್ಲ. ಗೂಗಲ್ ಕ್ಯಾಲೆಂಡರ್‌ನ ಸೆಟ್ಟಿಂಗ್‌ನಲ್ಲಿ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದು 50ಕ್ಕೆ ತಾನಾಗಿ ಮುಗಿಯುವ ಆಯ್ಕೆ ಇದೆ. ಬರೀ ವರದಿ ಕೇಳುವ ಮೀಟಿಂಗ್‌ಗೆ ಕ್ಯಾಮೆರಾ ಬೇಕಿಲ್ಲ ಎಂದು ನಡೆಸುವವರೇ ಮೊದಲು ಹೇಳಲಿ. ಹೊಸದಾಗಿ ಸೇರಿದವರು ತಾವಾಗಿ ಕ್ಯಾಮೆರಾ ಆರಿಸಲು ಹೆದರುತ್ತಾರೆ. ಫೋನ್ ಹಿಡಿದು ಅಂಗಳದಲ್ಲಿ ಓಡಾಡುತ್ತ ಮಾತಾಡುವಷ್ಟು ಸಡಿಲ ಸಿಕ್ಕರೆ ದಣಿವು ಎಷ್ಟೋ ಇಳಿಯುತ್ತದೆ.

ಇಲ್ಲಿಂದ ಮುಂದೆ ಪರದೆಯ ಪರೀಕ್ಷೆ ಸಾಕು. ಒಂದು ವಸ್ತು ಎರಡಾಗಿ ಕಾಣುವುದು, ಇದ್ದಕ್ಕಿದ್ದಂತೆ ದೃಷ್ಟಿ ಮಂಜಾಗುವುದು, ಕಣ್ಣಲ್ಲಿ ಮಿಂಚು ಹೊಡೆದಂತಾಗುವುದು ಇದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ; ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಹಿಂದೆಂದೂ ಬಾರದಂಥ ತಲೆನೋವು ದಿಢೀರನೆ ಬಂದರೆ, ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ಕಾಯದೆ 108ಕ್ಕೆ ಕರೆ ಮಾಡಿ. ಕೈಬೆರಳು ಜೋಮು ಹಿಡಿದು ವಾರವಾದರೂ ಹೋಗದಿದ್ದರೂ ವೈದ್ಯರಿಗೆ ತೋರಿಸಬೇಕು. ಮೀಟಿಂಗ್ ಇಲ್ಲದ ಭಾನುವಾರವೂ ಅಂಕ 7–8ರಲ್ಲೇ ನಿಂತು ಎರಡು ವಾರ ಕಳೆದರೆ ರಕ್ತಹೀನತೆ, ಥೈರಾಯ್ಡ್, ನಿದ್ದೆ ಪರೀಕ್ಷಿಸಿಕೊಳ್ಳಿ. ಮನಸ್ಸು ಕುಗ್ಗಿದೆ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.